ಮುಷ್ಟಿಯಿಂದ ಅಕ್ಷಾಂಶ ಅಳೆಯುವುದು ಹೇಗೆ?

ಧ್ರುವನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ, ನೀವು ನಿಂತ ಊರಿನ ಅಕ್ಷಾಂಶ ಹೆಚ್ಚುಕಮ್ಮಿ ಅಷ್ಟೇ.

ಸಪ್ತರ್ಷಿ ಮಂಡಲದ ಚೌಕದಲ್ಲಿ, ಬಾಲದಿಂದ ದೂರದ ಅಂಚಿನ ಎರಡು ನಕ್ಷತ್ರಗಳೇ ಪುಲಹ (ಚೌಕದ ತಳದ್ದು) ಮತ್ತು ಕ್ರತು (ಬಾಯಿಯದು). ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಅದೇ ನೇರದಲ್ಲಿ ಐದು ಪಟ್ಟು ಮುಂದೆ ಹೋದರೆ ಧ್ರುವ ಸಿಗುತ್ತದೆ. ಕೈ ಪೂರ್ತಿ ಚಾಚಿ, ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಪೇರಿಸುತ್ತಾ ಹೋಗಿ. ಒಂದು ಮುಷ್ಟಿ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ 1. ಬೆಂಗಳೂರಿನಲ್ಲಿ ಒಂದು ಮುಷ್ಟಿ, ಮೂರು ಕಿರುಬೆರಳು. ಲಂಡನ್ನಿನಲ್ಲಿ ಐದು ಮುಷ್ಟಿ ದಾಟುತ್ತದೆ. ಎಂಥ ಸೊಗಸಾದ ಲೆಕ್ಕ!

ಮೊಣಕೈ ಮಡಚಿದರೆ ಮುಷ್ಟಿ ದೊಡ್ಡದಾಗಿ ಕಂಡು ಎಣಿಕೆ ಕಡಿಮೆ ಬರುತ್ತದೆ. ಕಟ್ಟಡದ ತುದಿಯಿಂದ ಎಣಿಸಿದರೂ ಅದೇ ತಪ್ಪು. ಕಣ್ಣಿನ ಮಟ್ಟದಿಂದಲೇ ಶುರುಮಾಡಿ. ಹೊರಡುವ ಮುನ್ನ ದಿಗಂತದಿಂದ ನಡುನೆತ್ತಿಗೆ ಒಂಬತ್ತು ಮುಷ್ಟಿ ಬರುತ್ತದೆಯೇ ನೋಡಿಕೊಳ್ಳಿ. 1 ಡಿಗ್ರಿ ತಪ್ಪಿದರೆ ನೆಲದ ಮೇಲೆ ಸುಮಾರು 111 ಕಿ.ಮೀ. ವ್ಯತ್ಯಾಸ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಸಿಡ್ನಿಯಲ್ಲಿ ಧ್ರುವ ಕಾಣುವುದೇ ಇಲ್ಲ.