ಪೀಜಿ ಗೆಳತಿ ಮುಟ್ಟಿನ ನೋವು ನುಂಗಿಕೊಂಡು ಮಲಗಿದ್ದರೆ ಹೀಗೆ ಮಾಡಿ

ಬೆಂಗಳೂರಿನ ಯಾವ ಲೇಡೀಸ್ ಪೀಜಿಗೆ ಹೋದರೂ ಒಬ್ಬಳಾದರೂ ಸಿಗುತ್ತಾಳೆ. ತಿಂಗಳಿಗೊಮ್ಮೆ ಮಾತ್ರೆ ನುಂಗಿ, ರಜೆ ಹಾಕಿ, ಮುಸುಕು ಹೊದ್ದು ಮಲಗುವವಳು. ಏನಾಯ್ತೇ ಅಂದರೆ "ಏನಿಲ್ಲ, ಸ್ವಲ್ಪ ಹೊಟ್ಟೆನೋವು" ಅಷ್ಟೇ.

ಕೇಳುವ ರೀತಿ ಬದಲಿಸಿ. ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತಿದೆ? ಹೋದ ಸಲ ಡೇಟ್ ಯಾವಾಗ ಆಗಿತ್ತು? ಲೆಕ್ಕ ಹೇಳುವುದಕ್ಕೆ ನಾಚಿಕೆ ಕಡಿಮೆ. ಊಟದ ಹಾಲ್‌ನಲ್ಲಿ ಎಲ್ಲರೆದುರು ಬೇಡ, ಟೆರೇಸ್ ಮೇಲೆ ಬಟ್ಟೆ ಒಣಗಿಸುವಾಗ ಕೇಳಿ, ನಿಮ್ಮ ಕಥೆಯನ್ನೇ ಮೊದಲು ಹೇಳಿಬಿಟ್ಟರೆ ಇನ್ನೂ ಒಳ್ಳೆಯದು.

ಗಂಟೆಗೋ ಎರಡು ಗಂಟೆಗೋ ಒಂದು ಪ್ಯಾಡ್ ಪೂರ್ತಿ ನೆನೆಯುತ್ತಿದೆ, 7 ದಿನ ದಾಟಿದರೂ ನಿಂತಿಲ್ಲ, 3 ತಿಂಗಳಿಂದ ಮುಟ್ಟೇ ಇಲ್ಲ, ನೋವಿಗೆ ಕೆಲಸಕ್ಕೆ ಹೋಗೋಕೇ ಆಗುತ್ತಿಲ್ಲ, ಬಿಳಿ ಹೋಗುವುದರ ಜೊತೆ ಕೆಟ್ಟ ವಾಸನೆ, ಕೆರೆತ ಇದೆ: ಇವುಗಳಲ್ಲಿ ಒಂದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ಮುಟ್ಟು ತಪ್ಪಿ ಹೊಟ್ಟೆಯಲ್ಲಿ ವಿಪರೀತ ನೋವು, ತಲೆಸುತ್ತು ಬಂದರೆ ಕಾಯಬೇಡಿ, ಆಗಲೇ ಎಮರ್ಜೆನ್ಸಿಗೆ ಹೋಗಿ. "ಮದುವೆ ಆದಮೇಲೆ ಎಲ್ಲಾ ಸರಿಹೋಗುತ್ತೆ" ಅನ್ನುವ ಅತ್ತೆ-ಚಿಕ್ಕಮ್ಮಂದಿರು ಇದ್ದೇ ಇರುತ್ತಾರೆ. ಮುಟ್ಟು ಏರುಪೇರಾಗಲು ಥೈರಾಯ್ಡ್ ಕಾರಣವಾಗಿದ್ದರೆ ಅದು ಮುಹೂರ್ತ ನೋಡಿಕೊಂಡು ವಾಸಿಯಾಗಲ್ಲ, ಅಲ್ವಾ?

ದುಡ್ಡಿನ ಯೋಚನೆಯಿದ್ದರೆ ಮೊದಲು ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್". ಉಚಿತ. ದೊಡ್ಡ ಸರ್ಕಾರಿ ಆಸ್ಪತ್ರೆ ಬೇಕೆಂದರೆ ಕೆ.ಆರ್. ಮಾರ್ಕೆಟ್ ಹತ್ತಿರ ವಾಣಿ ವಿಲಾಸ, ಶಿವಾಜಿನಗರದಲ್ಲಿ ಘೋಷಾ. ಕ್ಯೂ ಜಾಸ್ತಿ, ಬೆಳಿಗ್ಗೆ ಬೇಗ ಹೋಗಿ ಓಪಿಡಿ ಚೀಟಿ ಮಾಡಿಸಿ. ಮನಸ್ಸೇ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಹೋಗುವ ಮೊದಲು ಹೋದ ಮುಟ್ಟಿನ ತಾರೀಖು, ನುಂಗಿದ ಮಾತ್ರೆಗಳ ಹೆಸರು ಮೊಬೈಲಿನಲ್ಲಿ ಬರೆದಿಡಲು ಹೇಳಿ. ಡಾಕ್ಟರ ಎದುರು ಕೂತಾಗ ಅರ್ಧ ಮರೆತುಹೋಗುತ್ತದೆ. ಸ್ಕ್ಯಾನಿಂಗ್ ಅಂದರೆ ಭಯ ಬೇಡ, ಮದುವೆಯಾಗದವರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿನಿಂದಲೇ ನೋಡುತ್ತಾರೆ, ಚೆನ್ನಾಗಿ ನೀರು ಕುಡಿದು ಮೂತ್ರ ತಡೆದುಕೊಂಡು ಕೂರಬೇಕು ಅಷ್ಟೇ.

"ಮದುವೆ ಆಗಿದೆಯಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಡಾಕ್ಟರಿಗೆ ಬೇಕಾಗಿರುವುದು ಗರ್ಭಿಣಿಯಾಗುವ ಸಾಧ್ಯತೆ ಇದೆಯಾ ಅನ್ನುವುದು. ಸಂಬಂಧ ಇದ್ದರೆ ಇದೆ ಅಂತಲೇ ಹೇಳಲಿ, ಸುಳ್ಳು ಹೇಳಿದರೆ ಪರೀಕ್ಷೆಯೂ ಮಾತ್ರೆಯೂ ತಪ್ಪುತ್ತವೆ. 18 ತುಂಬಿದ್ದರೆ ಅಪ್ಪ-ಅಮ್ಮನ ಸಹಿ ಬೇಕಿಲ್ಲ. ಡಾಕ್ಟರು ಬುದ್ಧಿವಾದ ಶುರು ಮಾಡಿದರೆ ಬೇರೆ ಡಾಕ್ಟರನ್ನು ನೋಡಿ, ಊರಲ್ಲಿ ಬರವಿಲ್ಲ. ಇನ್ನೊಂದು, ಅವಳ ಜೊತೆ ನೀವೂ ಹೋಗಿದ್ದರೆ ಆ ಪ್ರಶ್ನೆ ಬರುವ ಮೊದಲೇ "ನಾನು ಹೊರಗಿರ್ತೀನಿ ಕಣೇ" ಅಂತ ನೀವೇ ಎದ್ದು ಹೊರಗೆ ಹೋಗಿ.