ಜಂಪ್ ಮ್ಯಾಟ್ ಹೇಳುವ ಎತ್ತರ ಸರಿಯಾ? ಮೊಬೈಲ್‌ನಲ್ಲೇ ಪರೀಕ್ಷಿಸಿ

ವಾಲಿಬಾಲ್ ತಂಡದ ಆಯ್ಕೆಯೊಂದರಲ್ಲಿ ಜಿಗಿತ 2 ಸೆಂ.ಮೀ. ಕಡಿಮೆ ಬಂತು ಅಂತ ಒಬ್ಬ ಹುಡುಗಿಯನ್ನು ಕೈಬಿಟ್ಟಿದ್ದನ್ನು ನೋಡಿದ್ದೇನೆ. ಅಳೆದದ್ದು ಜಂಪ್ ಮ್ಯಾಟ್‌ನಿಂದ, ಅಂದರೆ ಮೇಲೆ ನಿಂತು ಜಿಗಿದರೆ ಎತ್ತರ ತೋರಿಸುವ ಚಾಪೆಯಂಥ ಸಾಧನದಿಂದ. ಆ ಮ್ಯಾಟ್ ಸರಿಯಾಗಿದೆಯಾ ಅಂತ ಯಾರೂ ಪರೀಕ್ಷಿಸಿರಲಿಲ್ಲ. ಈಗಲೂ ನೆನೆದರೆ ಬೇಜಾರಾಗುತ್ತದೆ.

ಮೊದಲು ಒಂದು ವಿಷಯ. ಮ್ಯಾಟ್ ಎತ್ತರವನ್ನು ಅಳೆಯುವುದೇ ಇಲ್ಲ. ಕಾಲು ನೆಲ ಬಿಟ್ಟಾಗಿನಿಂದ ಮತ್ತೆ ತಾಗುವವರೆಗಿನ ಸಮಯವನ್ನಷ್ಟೇ ಹಿಡಿಯುತ್ತದೆ. ಆ ಸಮಯದ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿದರೆ ಎತ್ತರ ಮೀಟರ್‌ನಲ್ಲಿ ಸಿಗುತ್ತದೆ. 0.50 ಸೆಕೆಂಡಿಗೆ 30.7 ಸೆಂ.ಮೀ., 0.52ಕ್ಕೆ 33.2. ಅಷ್ಟು ಸಣ್ಣ ತಪ್ಪಿಗೆ ಎರಡೂವರೆ ಸೆಂ.ಮೀ. ಹೋಯಿತು!

ಹಾಗಾಗಿ ಮೊದಲು ಅದರ ಗಡಿಯಾರವನ್ನು ಪರೀಕ್ಷಿಸಿ. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಸ್ಲೋ ಮೋಷನ್ ಇರುವ ಫೋನ್ ಸಾಕು. ಓಡುತ್ತಿರುವ ಸ್ಟಾಪ್‌ವಾಚ್ ಒಂದನ್ನು ಶೂಟ್ ಮಾಡಿ, ನಿಜವಾಗಿ 240 ಬರುತ್ತಿವೆಯಾ ಎಣಿಸಿಕೊಳ್ಳಿ. ಆಮೇಲೆ ಫೋನನ್ನು ಇಟ್ಟಿಗೆಗೆ ಒರಗಿಸಿ ನೆಲದ ಮಟ್ಟದಲ್ಲೇ ಇಡಿ, ಶೂ ಮಾತ್ರ ಕಂಡರೆ ಸಾಕು. ಒಂದೊಂದೇ ಫ್ರೇಮ್ ಸರಿಸುತ್ತಾ ಹೋದರೆ ಹಿಮ್ಮಡಿ ಏಳುತ್ತದೆ, ಸೋಲ್ ಬಾಗುತ್ತದೆ, ಕೊನೆಗೆ ಶೂ ತುದಿಯ ಕೆಳಗೆ ಬೆಳಕಿನ ಸಣ್ಣ ಗೆರೆ ಕಾಣುತ್ತದೆ. ಅಲ್ಲಿಂದ ಎಣಿಕೆ ಶುರು, ತುದಿ ಮತ್ತೆ ಮ್ಯಾಟಿಗೆ ತಾಗಿದ ಫ್ರೇಮಿಗೆ ಮುಗಿಯಿತು. 120 ಫ್ರೇಮ್ ಅಂದರೆ ಅರ್ಧ ಸೆಕೆಂಡ್. ಇಲ್ಲಿ ಒಂದು ಫ್ರೇಮ್ ತಪ್ಪಿದರೆ ಅರ್ಧ ಸೆಂ.ಮೀ. ವ್ಯತ್ಯಾಸ, ಅದೇ 30 ಫ್ರೇಮಿನ ಮಾಮೂಲಿ ವಿಡಿಯೊದಲ್ಲಿ 4 ಸೆಂ.ಮೀ.! ಅದು ಬೇಡವೇ ಬೇಡ.

10 ಆಟಗಾರರಿಂದ ಮೂರು ಮೂರು ಜಿಗಿತ ಮಾಡಿಸಿ. ಪ್ರತಿ ಜಿಗಿತಕ್ಕೂ ಮ್ಯಾಟ್ ತೋರಿಸಿದ್ದರಲ್ಲಿ ಫೋನಿನ ಲೆಕ್ಕವನ್ನು ಕಳೆದು ಬರೆದಿಡಿ. ಪ್ರತಿ ಸಲವೂ ಹೆಚ್ಚು ಕಡಿಮೆ 3 ಸೆಂ.ಮೀ. ಜಾಸ್ತಿ ಬಂದರೆ ಚಿಂತೆಯಿಲ್ಲ, ಕಳೆದುಕೊಂಡರಾಯಿತು. ಒಮ್ಮೆ 4 ಜಾಸ್ತಿ, ಇನ್ನೊಮ್ಮೆ 4 ಕಡಿಮೆ ಬಂದರೆ ಸರಾಸರಿ ಸೊನ್ನೆಯೇ, ಆದರೆ ಅಂಥ ಮ್ಯಾಟಿನಿಂದ ಯಾರನ್ನೂ ಆಯ್ಕೆ ಮಾಡಬೇಡಿ. ಎರಡು ಸಾಧನಗಳ ಅಂಕಿಗಳು ಒಟ್ಟೊಟ್ಟಿಗೆ ಏರಿಳಿಯುತ್ತವೆ ಅಂತ ತೋರಿಸಿದರೂ ನಂಬಬೇಡಿ. ಯಾವಾಗಲೂ 5 ಸೆಂ.ಮೀ. ಜಾಸ್ತಿ ಹೇಳುವ ಮ್ಯಾಟ್ ಕೂಡ ಹಾಗೇ ಏರಿಳಿಯುತ್ತದೆ ಅಲ್ವಾ? ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು 1986ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ: ನೋಡಬೇಕಾದ್ದು ವ್ಯತ್ಯಾಸವನ್ನು.

ಇನ್ನೊಂದು ಪರೀಕ್ಷೆ ಮಾಡಲೇಬೇಕು. ಒಬ್ಬರಿಗೆ ಮೊಣಕಾಲು ಮಡಚಿಕೊಂಡೇ ಇಳಿಯಲು ಹೇಳಿ. ಕಾಲು ತಡವಾಗಿ ನೆಲ ಮುಟ್ಟುತ್ತದೆ, ಮ್ಯಾಟ್ ಜಾಸ್ತಿ ಹೇಳುತ್ತದೆ, ಫೋನೂ ಅಷ್ಟೇ ಜಾಸ್ತಿ ಹೇಳುತ್ತದೆ! ಎರಡೂ ಅಳೆಯುವುದು ಸಮಯವನ್ನೇ, ಹಾಗಾಗಿ ಎರಡೂ ಒಟ್ಟಿಗೆ ತಪ್ಪುತ್ತವೆ. ಇದನ್ನು ಹಿಡಿಯಲು ಫೋರ್ಸ್ ಪ್ಲೇಟ್ ಬೇಕು, ಅಂದರೆ ಕಾಲು ಒತ್ತುವ ಬಲವನ್ನು ಅಳೆದು, ನೆಲ ಬಿಡುವಾಗಿನ ವೇಗದಿಂದ ಎತ್ತರ ಲೆಕ್ಕ ಹಾಕುವ ಹಲಗೆ. ಅದು ಸಿಕ್ಕರೆ ಅದರ ಮೇಲೂ 20 ಕೆ.ಜಿ. ತೂಕ ಇಟ್ಟು ನೋಡಿ, 196 ನ್ಯೂಟನ್ ತೋರಿಸಬೇಕು. ಸಿಗದಿದ್ದರೆ ಕಾಲು ನೀಟಾಗಿ ಚಾಚಿ, ತುದಿಗಾಲಲ್ಲಿ ಇಳಿದು, ಆಮೇಲೆ ಮೊಣಕಾಲು ಬಗ್ಗಿಸಲು ಹೇಳಿಕೊಡಿ. ಹಾಗೆ ಇಳಿಯದ ಜಿಗಿತವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿ ಅಳೆದ ಎತ್ತರವನ್ನು ಮಾತ್ರ ಮ್ಯಾಟಿನ ಜೊತೆ ಹೋಲಿಸಬೇಡಿ. ಅಲ್ಲಿ ಪಾದ ಪೂರ್ತಿ ಊರಿ ನಿಂತಲ್ಲಿಂದ ಅಳತೆ ಶುರು, ಹಿಮ್ಮಡಿ ಎತ್ತಿದ್ದೂ ಸೇರಿಕೊಳ್ಳುತ್ತದೆ. ಅದು ಸಾಮಾನ್ಯವಾಗಿ ಜಾಸ್ತಿಯೇ ಬರುತ್ತದೆ.