ಹೊಸ ಕಾರು ಪದೇ ಪದೇ ಸರ್ವಿಸ್‌ಗೆ ಹೋಗುತ್ತಿದೆಯೇ? ರಿಪೇರಿ ದಾಖಲೆ ಹೀಗೆ ಕೂಡಿಸಿ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಹೊಸ ಕಾರು ಕೈಕೊಟ್ಟರೆ ಮೊದಲು ಲೆಮನ್ ಲಾ, ಅಂದರೆ ದೋಷವಿರುವ ಹೊಸ ಕಾರಿನ ಕಾನೂನು ನೋಡುವ ವಕೀಲರಿಗೆ ಫೋನ್ ಹಾಕುತ್ತಾರೆ. ಆ ಕಡೆಯಿಂದ ಬರುವ ಮೊದಲ ಪ್ರಶ್ನೆ, ‘ರಿಪೇರಿ ಆರ್ಡರ್‌ಗಳು ಎಲ್ಲಿವೆ?’ ಅಂದರೆ ಕಾರು ರಿಪೇರಿಗೆ ಬಿಟ್ಟಾಗಲೆಲ್ಲ ಡೀಲರ್ ಬರೆಯುವ ಹಾಳೆಗಳು. ಕಾರಿನ ಗ್ಲೋವ್ ಬಾಕ್ಸ್ ತಡಕಿದರೆ ಸಿಗುವುದು ಟೈರ್ ಅಂಗಡಿಯ ಬಿಲ್ಲು, ಕಾರ್ ವಾಶ್ ಕೂಪನ್ನು. ಫ್ರೀಮಾಂಟ್, ಸ್ಯಾನ್ ಹೋಸೆ ಕಡೆಯ ಗೆಳೆಯರಿಗೆ ಇಂಥ ಫೈಲು ಜೋಡಿಸಿಕೊಡುತ್ತಾ ಬಂದಿದ್ದೇನೆ. ಬಹಳಷ್ಟು ಕೇಸುಗಳು ಸರ್ವಿಸ್ ಕೌಂಟರಿನಲ್ಲೇ ಕೆಟ್ಟಿರುತ್ತವೆ.

ಕಾನೂನು ಚುಟುಕಾಗಿ ಇಷ್ಟು. ವಾರಂಟಿ ಇರುವಾಗ ಸಾಕಷ್ಟು ಸಲ ಅವಕಾಶ ಕೊಟ್ಟರೂ ಕಂಪನಿ ದೋಷ ಸರಿಮಾಡದಿದ್ದರೆ, ಬೇರೆ ಕಾರು ಕೊಡಬೇಕು ಅಥವಾ ದುಡ್ಡು ವಾಪಸ್ ಮಾಡಬೇಕು. 1970ರ ಸಾಂಗ್-ಬೆವರ್ಲಿ ಕಾಯ್ದೆ ಹೇಳುವುದು ಇದನ್ನೇ. ‘ಸಾಕಷ್ಟು’ ಎಂದರೆ ಎಷ್ಟು? ಕಾರು ಕೈಗೆ ಬಂದ 18 ತಿಂಗಳು ಅಥವಾ 18,000 ಮೈಲಿಯೊಳಗೆ, ಒಂದೇ ದೋಷಕ್ಕೆ 4 ಸಲ ಹೋಗಿರಬೇಕು. ಪ್ರಾಣಾಪಾಯದ ದೋಷವಾದರೆ 2 ಸಲ ಸಾಕು. ಇಲ್ಲವೇ ಕಾರು ಒಟ್ಟು 30 ದಿನಕ್ಕಿಂತ ಜಾಸ್ತಿ ಡೀಲರ್ ಬಳಿ ನಿಂತಿರಬೇಕು. ಈ ಗಡಿ ದಾಟಿತು ಅಂತ ಕೈಬಿಡಬೇಡಿ. ಗಡಿಯೊಳಗಿದ್ದರೆ ವಾದ ಸುಲಭ, ಅಷ್ಟೇ. ಆದರೆ ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಮೊದಲೇ ವಕೀಲರನ್ನು ಕೇಳಿ. ಹಳೆಯ ವಾರಂಟಿ ಒಂದಿಷ್ಟು ಉಳಿದಿದ್ದ ಮಾತ್ರಕ್ಕೆ ಅದು ಹೊಸ ಕಾರು ಎನಿಸಿಕೊಳ್ಳುವುದಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ.

ಹಂತ 1: ಡೀಲರ್ ಬಳಿ ಕಾಗದ ಕೇಳಿ

ಕಾರು ಒಯ್ದ ಪ್ರತಿಯೊಬ್ಬ ಡೀಲರ್‌ಗೂ ಈಮೇಲ್ ಹಾಕಿ. ಕಾರಿನ ವಿನ್, ಅಂದರೆ 17 ಅಕ್ಷರ-ಅಂಕಿಗಳ ಗುರುತಿನ ನಂಬರ್ ಕೊಟ್ಟು ಎಲ್ಲಾ ಆರ್‌ಒ, ಅಂದರೆ ರಿಪೇರಿ ಆರ್ಡರ್‌ಗಳ ಪ್ರತಿ ಕೇಳಿ. ‘ವಾರಂಟಿ ಕೆಲಸಕ್ಕೆ ಬಿಲ್ ಇರಲ್ಲ’ ಎನ್ನುವ ಉತ್ತರ ಬರಬಹುದು, ನಂಬಬೇಡಿ. ವಾರಂಟಿ ಕೆಲಸವನ್ನೂ ಇನ್‌ವಾಯ್ಸ್‌ನಲ್ಲಿ ಬರೆಯಲೇಬೇಕು ಎಂದು ಅಲ್ಲಿನ ಕಾನೂನಿದೆ. ದಾಖಲೆಗಳನ್ನು ಕನಿಷ್ಠ 3 ವರ್ಷ ಇಟ್ಟುಕೊಂಡಿರಬೇಕು. ಸತಾಯಿಸಿದರೆ ರಾಜ್ಯದ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್‌ಗೆ ದೂರು ಕೊಡುವುದಾಗಿ ಒಂದು ಸಾಲು ಸೇರಿಸಿ. ಬೇಡವೆಂದರೂ ಕಾಗದ ಬರುತ್ತದೆ.

ಹಂತ 2: ವಾರಂಟಿ ಹಿಸ್ಟರಿ

ಕಂಪನಿಯ ದುಡ್ಡಿನಲ್ಲಿ ಆದ ರಿಪೇರಿಗಳು ಬೇರೆ ಬೇರೆ ಡೀಲರ್‌ಗಳಲ್ಲಿ ಆಗಿದ್ದರೂ ಕಂಪನಿಯ ಕಂಪ್ಯೂಟರಿನಲ್ಲಿ ಇರುತ್ತವೆ. ಕಸ್ಟಮರ್ ಕೇರ್‌ಗೆ ಬರೆದು ಕೇಳಿ, ಕೇಸ್ ನಂಬರ್ ಪಡೆಯಿರಿ. ಆ್ಯಪ್‌ನಲ್ಲೇ ಸರ್ವಿಸ್ ಬುಕ್ ಮಾಡುವ ಎಲೆಕ್ಟ್ರಿಕ್ ಕಾರಾದರೆ ಇವತ್ತೇ ಎಲ್ಲಾ ಇನ್‌ವಾಯ್ಸ್ ಡೌನ್‌ಲೋಡ್ ಮಾಡಿಕೊಳ್ಳಿ, ಚಾಟ್‌ಗಳ ಸ್ಕ್ರೀನ್‌ಶಾಟ್ ಕೂಡ. ದುಡ್ಡು ಕೊಟ್ಟು ತರಿಸುವ ವೆಹಿಕಲ್ ಹಿಸ್ಟರಿ ರಿಪೋರ್ಟ್ ಈ ಕೆಲಸಕ್ಕೆ ದಂಡ. ‘ಸರ್ವಿಸ್ ಆಗಿದೆ’ ಎಂಬ ಒಂದು ಸಾಲಿನಿಂದ ಏನೂ ಸಾಬೀತಾಗುವುದಿಲ್ಲ.

ಹಂತ 3: ಆರ್‌ಒ ಓದುವುದು

ಎಡವುವುದು ಇಲ್ಲೇ, ಹಾಗಾಗಿ ನಿಧಾನಕ್ಕೆ ಓದಿ.

ಒಂದು ಆರ್‌ಒನಲ್ಲಿ ಪ್ರತಿ ದೂರಿಗೂ ಸಾಮಾನ್ಯವಾಗಿ ಮೂರು ಭಾಗ: ಗ್ರಾಹಕ ಹೇಳಿದ್ದು, ಮೆಕ್ಯಾನಿಕ್ ಕಂಡಿದ್ದು, ಮಾಡಿದ ಕೆಲಸ. ನೀವು ಹೇಳಿರುವುದು ‘ಫ್ರೀವೇಯಲ್ಲಿ 65 ಮೈಲಿ ವೇಗದಲ್ಲಿ ಹೋಗುವಾಗ ಪವರ್ ಸತ್ತುಹೋಯಿತು, ಹಿಂದಿನ ಲಾರಿ ಗುದ್ದುವುದರಲ್ಲಿತ್ತು’ ಅಂತ. ಸರ್ವಿಸ್ ಅಡ್ವೈಸರ್ ಟೈಪ್ ಮಾಡಿರುವುದು ‘ಕಾರು ಕೆಲವೊಮ್ಮೆ ನಿಧಾನವಾಗುತ್ತದೆ’. ಕೆಳಗೆ ‘ದೋಷ ಕಂಡುಬಂದಿಲ್ಲ’. ಪ್ರಾಣಾಪಾಯದ ದೂರು ಸಣ್ಣ ಕಿರಿಕಿರಿಯಾಗಿ ಹೋಯಿತು, ಅಲ್ವಾ? ಮುಂದಿನ ಸಲದಿಂದ ನಿಮ್ಮ ದೂರನ್ನು ನೀವೇ ಟೈಪ್ ಮಾಡಿ ಈಮೇಲ್ ಕಳಿಸಿ, ‘ಇದನ್ನೇ ಆರ್‌ಒನಲ್ಲಿ ಹಾಕಿ’ ಎನ್ನಿ. ಓದದೆ ಸಹಿ ಹಾಕಬೇಡಿ. ಹಳೆಯ ಆರ್‌ಒ ಮೇಲೆ ಮಾತ್ರ ಪೆನ್ನು ಆಡಿಸಬೇಡಿ. ಆ ದಿನದ ಮೆಸೇಜ್, ಡ್ಯಾಶ್‌ಕ್ಯಾಮ್ ವಿಡಿಯೊ ಇದ್ದರೆ ಅದರ ಜೊತೆಗಿಡಿ.

‘ದೋಷ ಕಂಡುಬಂದಿಲ್ಲ’ ಎಂದಿರುವ ಹಾಳೆಯನ್ನು ಸುಮಾರು ಜನ ಬಿಸಾಕುತ್ತಾರೆ. ಅದು ಬೇಕೇ ಬೇಕು. ಸರಿಮಾಡಲು ನೀವು ಕಾರು ಒಯ್ದು ಕೊಟ್ಟಿರಿ ಎನ್ನುವುದಕ್ಕೆ ಅದೇ ಸಾಕ್ಷಿ.

ಇನ್ನೊಂದು ಗೋಜಲು: ದೋಷ ಒಂದೇ, ಹೆಸರು ಹಲವು. ಮೊದಲ ಸಲ ಬ್ಯಾಟರಿ ಬದಲು, ಎರಡನೇ ಸಲ ಸಾಫ್ಟ್‌ವೇರ್ ಅಪ್‌ಡೇಟ್, ಮೂರನೇ ಸಲ ಯಾವುದೋ ಮಾಡ್ಯೂಲ್. ಕಂಪನಿಯವರು ಇದನ್ನು ಮೂರು ಬೇರೆ ಬೇರೆ ತೊಂದರೆ ಎನ್ನುತ್ತಾರೆ. ನಿಮಗೆ ಮೂರು ಸಲವೂ ಆಗಿದ್ದು ಒಂದೇ, ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಬದಲಿಸಿದ ಭಾಗ ಬಿಟ್ಟು ಲಕ್ಷಣದ ಮೇಲೆ ಹಾಳೆಗಳನ್ನು ಗುಂಪು ಮಾಡಿ.

ಆಮೇಲೆ ಮೈಲಿ. ದುಡ್ಡು ವಾಪಸ್ ಕೊಡುವಾಗ ಕಂಪನಿ ನಿಮ್ಮ ಬಳಕೆಯ ಲೆಕ್ಕ ಮುರಿದುಕೊಳ್ಳುತ್ತದೆ: ಕಾರಿನ ಬೆಲೆಯನ್ನು ಆ ದೋಷಕ್ಕೆ ಮೊದಲ ಸಲ ಒಯ್ದಾಗಿನ ಮೈಲಿಯಿಂದ ಗುಣಿಸಿ 1,20,000ದಿಂದ ಭಾಗಿಸುವುದು. 40,000 ಡಾಲರ್ ಕಾರನ್ನು 3,000 ಮೈಲಿಗೆ ಒಯ್ದಿದ್ದರೆ 1,000 ಡಾಲರ್ ಕಡಿತ. ಆ ಹಾಳೆ ಕಳೆದು, ಕೈಯಲ್ಲಿರುವ ಮೊದಲ ಹಾಳೆ 12,000 ಮೈಲಿಯದ್ದಾದರೆ ಕಡಿತ 4,000 ಡಾಲರ್. ಅಂದರೆ ಒಂದು ಹಾಳೆಯ ಬೆಲೆ 3,000 ಡಾಲರ್!

ದಿನಗಳ ಲೆಕ್ಕದಲ್ಲೂ ಆಟ ನಡೆಯುತ್ತದೆ. ಶುಕ್ರವಾರ ಟೋ ಮಾಡಿಸಿ ಬಿಟ್ಟ ಕಾರಿಗೆ ಮಂಗಳವಾರ ಆರ್‌ಒ ತೆರೆಯುತ್ತಾರೆ. ಟೋ ರಸೀದಿ ಇದ್ದರೆ ಆ ದಿನಗಳು ಉಳಿಯುತ್ತವೆ. ಓಡಾಡಲು ಬೇರೆ ಕಾರು ಕೊಟ್ಟಿದ್ದರು ಅಂತ ನೀವಾಗಿಯೇ ದಿನ ಕಳೆಯಬೇಡಿ.

ಹಂತ 4: ಒಂದು ಪಟ್ಟಿ

ಬಿಟ್ಟ ದಿನ, ವಾಪಸ್ ಬಂದ ದಿನ, ಮೈಲಿ, ಲಕ್ಷಣ, ಮಾಡಿದ ಕೆಲಸ, ಆರ್‌ಒ ನಂಬರ್. ಒಂದೇ ಪುಟ, ಬಣ್ಣಗಿಣ್ಣ ಬೇಡ.

ಹಂತ 5: ಎನ್‌ಎಚ್‌ಟಿಎಸ್‌ಎ ತಾಣ

ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಈ ತಾಣದಲ್ಲಿ ಎಲ್ಲವೂ ಉಚಿತ. ವಿನ್ ಹಾಕಿದರೆ ಇನ್ನೂ ಸರಿಮಾಡಿಸದ ರೀಕಾಲ್ (ಸುರಕ್ಷತಾ ದೋಷ ಸರಿಮಾಡಲು ಕಂಪನಿ ಕಾರುಗಳನ್ನು ವಾಪಸ್ ಕರೆಯುವುದು) ಮಾತ್ರ ಕಾಣುತ್ತದೆ. ಏನೂ ಬರಲಿಲ್ಲ ಅಂತ ಪುಟ ಮುಚ್ಚಬೇಡಿ. ನಿಮ್ಮ ಮಾಡೆಲ್ ಹುಡುಕಿ, ಕಂಪನಿ ಡೀಲರ್‌ಗಳಿಗೆ ಕಳಿಸಿದ ಸರ್ವಿಸ್ ಬುಲೆಟಿನ್‌ಗಳನ್ನು ನೋಡಿ. ‘ಎಲ್ಲಾ ಕಾರುಗಳೂ ಹೀಗೇ’ ಎಂದು ನಿಮಗೆ ಹೇಳಿದ ತೊಂದರೆಗೆ ಅಲ್ಲಿ ಬುಲೆಟಿನ್ ಸಿಕ್ಕರೆ ತಕ್ಷಣ ಇಳಿಸಿಕೊಳ್ಳಿ.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ ಕಾರಿಗೆಂದೇ ಇಂಥ ಕಾನೂನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2 ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಬೇಕು. ಮೂರನೇ ಹಂತದ ಕಿವಿಮಾತೆಲ್ಲ ನಿಮ್ಮ ಜಾಬ್ ಕಾರ್ಡ್‌ಗೂ ಸಲ್ಲುತ್ತದೆ.

ಹಂತ 6: ಪತ್ರ

ಕ್ಯಾಲಿಫೋರ್ನಿಯಾದಲ್ಲಿ ಈಗ ಹೊಸ ವಿಧಾನವೊಂದಿದೆ, ಒಪ್ಪಿಕೊಂಡ ಕಂಪನಿಗಳಿಗೆ ಮಾತ್ರ. ಅವುಗಳ ಮೇಲೆ ದಂಡವನ್ನೂ ಕೇಳಬೇಕಾದರೆ ಕೇಸು ಹಾಕುವ 30 ದಿನ ಮೊದಲು ಪತ್ರ ಬರೆಯಬೇಕು. ಅದರಲ್ಲಿ ಹೆಸರು, ವಿನ್, ರಿಪೇರಿ ಹಿಸ್ಟರಿಯ ಸಾರಾಂಶ, ನಿಮ್ಮ ಬೇಡಿಕೆ ಇರಬೇಕು. ವಾರಂಟಿ ಮುಗಿದು 1 ವರ್ಷ, ಹೇಗೆ ನೋಡಿದರೂ ಕಾರು ಕೈಗೆ ಬಂದು 6 ವರ್ಷ, ಅಷ್ಟರೊಳಗೆ ಕೇಸು ಬೀಳಬೇಕು. ಪತ್ರಕ್ಕೆ ಮೊದಲು ವಕೀಲರಿಗೆ ತೋರಿಸಿ. ನೀವು ಗೆದ್ದರೆ ಅವರ ಫೀಸು ಕಂಪನಿಯ ತಲೆಗೆ ಬೀಳುತ್ತದೆ. ಮುಂಗಡ ಕೇಳುವ ವಕೀಲರಾದರೆ ಎದ್ದು ಬನ್ನಿ. ಪತ್ರ ಹೋದ ಮೇಲೆ 30 ದಿನ ಕಾರು ಮಾರಬೇಡಿ, ಎಕ್ಸ್‌ಚೇಂಜ್‌ಗೂ ಕೊಡಬೇಡಿ. ಮೂಲ ಕಾಗದ ಯಾರ ಕೈಗೂ ಕೊಡದೆ ಸ್ಕ್ಯಾನ್ ಮಾತ್ರ ಕಳಿಸಿ.